ಕ್ಯಾನ್ಸರ್ ವಾಸಿಯಾಗಿದೆ, ಈಗ ಟ್ರಯಲ್‌ಗೆ ಸೇರಲೇ, ಬೇಡವೇ?

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಮೂರು ವರ್ಷದ ಹಿಂದೆ ಎಡ ಸ್ತನದಲ್ಲಿ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ಕರೆಂಟ್ ಕೊಡುವುದು ಎಲ್ಲಾ ಮುಗಿದಿದೆ. ಈಗ ದಿನಕ್ಕೊಂದು ಲೆಟ್ರೊಜೋಲ್ ಮಾತ್ರೆ ಅಷ್ಟೇ. ಕಳೆದ ಸಲ ಚೆಕಪ್‌ಗೆ ಹೋದಾಗ ಒಬ್ಬಳು ಹುಡುಗಿ ಬಂದು, "ಕ್ಯಾನ್ಸರ್ ಮತ್ತೆ ಬಾರದ ಹಾಗೆ ಒಂದು ಮಾತ್ರೆಯ ಟ್ರಯಲ್ ಇದೆ, ಸೇರ್ತೀರಾ?" ಅಂತ ಕೇಳಿದಳು. ಬೇರೆ ಕಾಯಿಲೆಗೆ ಮೊದಲಿಂದಲೂ ಕೊಡುವ ಮಾತ್ರೆಯಂತೆ. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಮದ್ದಿಲ್ಲದ ಮಾತ್ರೆಯಂತೆ. ಅವಳು ಕೊಟ್ಟ ಕಾಗದ ಇಂಗ್ಲಿಷ್ ಮತ್ತು ಮಲಯಾಳದಲ್ಲಿದೆ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಮಾತಾಡ್ತೇನೆ, ಓದಲು ಕಷ್ಟ. ಕೊನೆಯ ಪುಟದಲ್ಲಿ ನಾಮಿನಿ ಹೆಸರು ಬೇರೆ ಕೇಳಿದ್ದಾರೆ. ಅದನ್ನು ನೋಡಿ ನಮ್ಮ ಯಜಮಾನರು "ನಿನ್ನನ್ನು ಇಲಿ ಮಾಡ್ತಾರೆ, ಬೇಡ" ಅಂತಾರೆ. ಮಗಳು ಸೇರು ಅಂತಾಳೆ. ಏನು ಮಾಡಲಿ?

ಉತ್ತರ: ಅಕ್ಕಾ, ನಾಮಿನಿ ವಿಷಯವನ್ನು ಮೊದಲು ಮುಗಿಸಿಬಿಡೋಣ. ಮನೆಯಲ್ಲಿ ಚರ್ಚೆ ಜೋರಾದದ್ದು ಅಲ್ಲಿಂದಲೇ ಅಂತ ಕಾಣುತ್ತದೆ. ನಮ್ಮ ದೇಶದಲ್ಲಿ ಮದ್ದಿನ ಟ್ರಯಲ್‌ಗಳಿಗೆ 2019ರಲ್ಲಿ ಹೊಸ ನಿಯಮಗಳು ಬಂದವು. ಒಪ್ಪಿಗೆ ಪತ್ರ ಹೇಗಿರಬೇಕು ಅನ್ನುವ ನಮೂನೆಯೂ ಅದರಲ್ಲೇ ಇದೆ. ಹೆಸರು, ವಿಳಾಸ, ಓದು, ಕೆಲಸ, ವರ್ಷದ ಆದಾಯ, ಆಮೇಲೆ ನಾಮಿನಿ. ಟ್ರಯಲ್‌ನಿಂದಾಗಿ ಜೀವ ಹೋದರೆ ಪರಿಹಾರದ ಹಣ ಯಾರ ಕೈ ಸೇರಬೇಕು ಅನ್ನುವುದಕ್ಕೆ ಆ ಸಾಲು. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗಲೂ ಕೇಳ್ತಾರೆ, ಅಲ್ವಾ? ನಿಮ್ಮ ಆಯಸ್ಸಿನ ಲೆಕ್ಕ ಯಾರೂ ಹಾಕಿಲ್ಲ. ಮದ್ದಿನ ಟ್ರಯಲ್‌ನ ಫಾರ್ಮಿನಲ್ಲಿ ಆ ಸಾಲು ಇಲ್ಲದಿದ್ದರೆ ನನಗೆ ಜಾಸ್ತಿ ಅನುಮಾನ ಬರುತ್ತಿತ್ತು.

ಹಾಗಂತ ಯಜಮಾನರ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ನಮ್ಮ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು 2000ದ ತನಕ. ಅದು ನಿಂತ ಮೇಲೆ ಪಡ್ರೆ, ಎಣ್ಮಕಜೆ ಕಡೆಗೆ ಎಷ್ಟು ತಂಡಗಳು ಬಂದವು! ರಕ್ತ ತೆಗೆದವರು, ಪ್ರಶ್ನೆ ಕೇಳಿದವರು, ಫೋಟೋ ಹಿಡಿದವರು. "ನಮ್ಮಿಂದ ತಗೊಂಡು ಹೋದರು, ನಮಗೆ ಏನೂ ಹೇಳಲಿಲ್ಲ" ಅನ್ನುವ ಮಾತು ಆ ಕಡೆ ಈಗಲೂ ಕಿವಿಗೆ ಬೀಳುತ್ತದೆ. ಈ ಜಿಲ್ಲೆಯ ಮನುಷ್ಯ ಸಂಶೋಧನೆ ಅಂದ ಕೂಡಲೇ ಹುಬ್ಬು ಗಂಟಿಕ್ಕಿದರೆ ನಾನು ತಪ್ಪು ಹೇಳುವುದಿಲ್ಲ.

ಇನ್ನೊಂದು ನೆನಪಿಡಬೇಕಾದ ಘಟನೆ ಇದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಶಾಲಾ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿ ಒಂದು ಅಧ್ಯಯನ ಮಾಡಿದರು. ಎಷ್ಟೋ ಒಪ್ಪಿಗೆ ಪತ್ರಗಳಿಗೆ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಸರಕಾರ ಅದನ್ನು ನಿಲ್ಲಿಸಿತು. ಲಸಿಕೆ ಒಳ್ಳೆಯದೇ, ಹೆಣ್ಣುಮಕ್ಕಳಿಗೆ ಹಾಕಿಸಿ ಅಂತ ನಾನೇ ಹೇಳುತ್ತೇನೆ. ಆದರೆ ಆ ಸಹಿಗಳ ವಿಷಯ ಸಂಸತ್ತಿನ ಸಮಿತಿಯ ತನಕ ಹೋಯಿತು. ಟ್ರಯಲ್‌ಗಳ ಬಗ್ಗೆ ಸುಪ್ರೀಂ ಕೋರ್ಟಿನಲ್ಲೂ ಕೇಸು ನಡೆಯಿತು. ಇಂದಿನ ನಿಯಮಗಳು ಬಿಗಿಯಾಗಿರುವುದು ಇಂಥ ಕಾರಣಗಳಿಂದ.

ಆದ್ದರಿಂದ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ನಾಮಿನಿ ಅಲ್ಲ, ಭಾಷೆ. ನಿಮಗೆ ಓದಲು ಬಾರದ ಕಾಗದಕ್ಕೆ ನೀವು ಸಹಿ ಹಾಕಬೇಡಿ. ಇದು ನನ್ನ ಕನ್ನಡಾಭಿಮಾನ ಅಲ್ಲ, ನಿಯಮವೇ ಹಾಗಿದೆ. ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಬರಹದಲ್ಲಿ ಕೊಡಬೇಕು. ಓದಲು ಬಾರದವರಾದರೆ ಆಸ್ಪತ್ರೆಗೂ ಟ್ರಯಲ್‌ಗೂ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಮೊದಲಿಂದ ಕೊನೆಯವರೆಗೆ ಪಕ್ಕದಲ್ಲಿ ಕೂತಿರಬೇಕು. ಕಾಸರಗೋಡಿನಲ್ಲಿ ಏನಾಗುತ್ತದೆ ಅಂದರೆ, ನಾವು ಮಲಯಾಳ ಸಲೀಸಾಗಿ ಮಾತಾಡುತ್ತೇವೆ. ಎದುರಿಗಿರುವವರು ಓದಲೂ ಬರುತ್ತದೆ ಅಂತ ಅಂದುಕೊಳ್ಳುತ್ತಾರೆ. ನಾವೂ ಬರುವುದಿಲ್ಲ ಅನ್ನಲು ಸಂಕೋಚಪಟ್ಟು ತಲೆಯಾಡಿಸುತ್ತೇವೆ. ಆ ಹುಡುಗಿ ಬಾಯಲ್ಲಿ ಚೆನ್ನಾಗಿಯೇ ವಿವರಿಸಿರಬಹುದು. ಆದರೆ "ಯಕೃತ್ತಿಗೆ ತೊಂದರೆಯಾಗಬಹುದು" ಅಂತ ಆರನೇ ಪುಟದಲ್ಲಿ ಬರೆದದ್ದನ್ನು ಅವಳು "ಸ್ವಲ್ಪ ಹೊಟ್ಟೆ ಕೆಡಬಹುದು" ಅಂತ ಹೇಳಿದರೆ ನಿಮಗೆ ಗೊತ್ತಾಗುವುದು ಹೇಗೆ?

ಹೀಗೆ ಕೇಳಿ: "ಕಮಿಟಿ ಒಪ್ಪಿದ ಕನ್ನಡ ಪ್ರತಿ ಇದೆಯಾ?" ಕಮಿಟಿ ಅಂದರೆ ಎಥಿಕ್ಸ್ ಕಮಿಟಿ. ಕಡಿಮೆಯೆಂದರೂ ಏಳು ಜನ ಇರುತ್ತಾರೆ. ಅರ್ಧದಷ್ಟು ಜನ ಆ ಸಂಸ್ಥೆಗೆ ಸೇರದವರಾಗಿರಬೇಕು, ಅಧ್ಯಕ್ಷರೂ ಹೊರಗಿನವರೇ. ಒಬ್ಬರು ಹೆಂಗಸು ಇರಬೇಕು, ವೈದ್ಯರಲ್ಲದ ಸಾಮಾನ್ಯ ಜನರಲ್ಲಿ ಒಬ್ಬರು ಇರಬೇಕು. ಕನ್ನಡ ಅನುವಾದ ಇಲ್ಲದಿದ್ದರೆ ಮಾಡಿಸಿ, ಈ ಕಮಿಟಿಯ ಮುಂದಿಟ್ಟು, ಆಮೇಲೆ ನಿಮಗೆ ಕೊಡಬೇಕು. ಅದಕ್ಕೆ ಕೆಲವು ವಾರ ಹಿಡಿಯಬಹುದು. ಹಿಡಿಯಲಿ. ನಿಮಗೇನೂ ಅವಸರ ಇಲ್ಲ. ಮಂಗಳೂರಿನ ಆಸ್ಪತ್ರೆಗಳಲ್ಲೂ ಅದೇ ಟ್ರಯಲ್ ನಡೆಯುತ್ತಿದ್ದರೆ ಕನ್ನಡ ಪ್ರತಿ ತಯಾರೇ ಇರುವ ಸಾಧ್ಯತೆ ಜಾಸ್ತಿ, ಅದನ್ನೂ ವಿಚಾರಿಸಿ. ಫೋನಿನಲ್ಲಿ ಗೂಗಲ್ ಅನುವಾದ ಮಾಡಿ ಓದಿದರೆ ಸಾಕಾ ಅಂತ ಮಗಳು ಕೇಳಬಹುದು. ಮನೆಯಲ್ಲಿ ತಿಳಿದುಕೊಳ್ಳಲು ಅಡ್ಡಿಯಿಲ್ಲ, ಸಹಿ ಹಾಕಲು ಸಾಲದು.

ಅವಸರ ಇಲ್ಲ ಅಂದೆನಲ್ಲ, ನಿಮ್ಮ ವಿಷಯದಲ್ಲಿ ಮುಖ್ಯವಾದ ಮಾತು ಅದೇ. ಕಾಯಿಲೆ ಮೈಯಲ್ಲಿ ಹರಡಿ, ಇರುವ ಮದ್ದುಗಳು ಮುಗಿದವರು ಟ್ರಯಲ್‌ಗೆ ಸೇರುವುದು ಬೇರೆ. ಅವರು ಕಾಯಿಲೆಯನ್ನು ಒಂದು ಕಡೆ, ಆಸೆಯನ್ನು ಇನ್ನೊಂದು ಕಡೆ ಇಟ್ಟು ನೋಡುತ್ತಾರೆ. ನೀವು ಚೆನ್ನಾಗಿದ್ದೀರಿ. ಅಡುಗೆ ಮಾಡ್ತೀರಿ, ಮದುವೆ ಮನೆಗೆ ಹೋಗ್ತೀರಿ, ದಿನಕ್ಕೊಂದು ಮಾತ್ರೆ ನುಂಗ್ತೀರಿ. ಟ್ರಯಲ್‌ನಲ್ಲಿ ನೀವು ಪಣಕ್ಕಿಡುವುದು ಈ ಒಳ್ಳೆಯ ದಿನಗಳನ್ನು. ಕಾನೂನಿಗೂ ಈ ವ್ಯತ್ಯಾಸ ಗೊತ್ತು. ಟ್ರಯಲ್‌ನಿಂದ ಸಾವಾದರೆ ಪರಿಹಾರ ಲೆಕ್ಕ ಹಾಕುವ ಸೂತ್ರದಲ್ಲಿ 8 ಲಕ್ಷ ರೂಪಾಯಿ ಮೂಲ ಮೊತ್ತ. ಅದಕ್ಕೆ ವಯಸ್ಸಿನ ಅಂಶವೊಂದು, ಸೇರುವಾಗ ಇದ್ದ ಆರೋಗ್ಯದ ಅಂಶವೊಂದು ಗುಣಿಸುತ್ತಾರೆ. ಆರು ತಿಂಗಳೂ ಬದುಕುವುದು ಕಷ್ಟ ಅನ್ನುವ ರೋಗಿಗೆ ಆ ಅಂಶ 0.5. ಆರೋಗ್ಯವಂತರಿಗೆ 4. ಕಳೆದುಕೊಳ್ಳಲು ಜಾಸ್ತಿ ಇರುವವರ ಬಗ್ಗೆ ಜಾಸ್ತಿ ಜಾಗ್ರತೆ ಬೇಕು ಅಂತ ತಾನೇ ಇದರ ಅರ್ಥ?

ಹಾಗಾದರೆ ಬೇಡ ಅಂತಲಾ? ಅಲ್ಲ. ನೀವು ನುಂಗುವ ಲೆಟ್ರೊಜೋಲ್ ಮಾತ್ರೆಯ ಕಥೆ ಕೇಳಿ. ಸ್ತನ ಕ್ಯಾನ್ಸರಿಗೆ ಕೊಡುವ ಟಮೊಕ್ಸಿಫೆನ್ ಅನ್ನುವ ಇನ್ನೊಂದು ಮಾತ್ರೆಯನ್ನು ಐದು ವರ್ಷ ತೆಗೆದುಕೊಂಡು ಮುಗಿಸಿದ, ಕಾಯಿಲೆ ಇಲ್ಲದ 5,187 ಹೆಂಗಸರು ಒಂದು ಟ್ರಯಲ್‌ಗೆ ಸೇರಿದ್ದರು. ಎಲ್ಲರೂ ನಿಮ್ಮ ಹಾಗೆ ಗುಣವಾದವರೇ. ಅರ್ಧ ಜನಕ್ಕೆ ಲೆಟ್ರೊಜೋಲ್, ಅರ್ಧ ಜನಕ್ಕೆ ಮದ್ದಿಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಅವರಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ಎರಡೂವರೆ ವರ್ಷ ಆಗುವಷ್ಟರಲ್ಲಿ ಲೆಟ್ರೊಜೋಲ್ ಗುಂಪಿನಲ್ಲಿ ಕಾಯಿಲೆ ಮರಳಿ ಬಂದವರು ಸ್ಪಷ್ಟವಾಗಿ ಕಡಿಮೆ ಅಂತ ಕಂಡಿತು. 2003ರ ಅಕ್ಟೋಬರಿನಲ್ಲಿ ಗುಟ್ಟು ಬಿಚ್ಚಿ, ಖಾಲಿ ಮಾತ್ರೆ ನುಂಗುತ್ತಿದ್ದವರಿಗೂ ಲೆಟ್ರೊಜೋಲ್ ಬೇಕಾ ಅಂತ ಕೇಳಿದರು. ಆ ಹೆಂಗಸರು ಹೂಂ ಅಂದದ್ದರ ಲಾಭ ಲೋಕಕ್ಕೆಲ್ಲ ಸಿಕ್ಕಿತು.

ಸ್ತನದ ಆಪರೇಷನ್ ಆದ ಮೇಲೆ ಕೆಲವರಿಗೆ ಬರುವ ಕೈಬಾವಿನ ವಿಷಯವೂ ಹಾಗೇ. ಆಪರೇಷನ್ ಆದ ಬದಿಯ ಕೈಯಲ್ಲಿ ಭಾರ ಎತ್ತಬೇಡಿ ಅಂತ ಡಾಕ್ಟರುಗಳು ವರ್ಷಗಟ್ಟಲೆ ಹೇಳಿದ್ದೇ ಹೇಳಿದ್ದು. ನಮ್ಮ ಹೆಂಗಸರು ಕೊಡಪಾನ ಎತ್ತುವುದು ಬಿಟ್ಟರು, ಅಡಿಕೆ ಬುಟ್ಟಿ ಮುಟ್ಟುವುದು ಬಿಟ್ಟರು, ಮೊಮ್ಮಕ್ಕಳನ್ನು ಎತ್ತಿಕೊಳ್ಳಲೂ ಹೆದರಿದರು. ಅಮೆರಿಕದಲ್ಲಿ ಕೈಬಾವು ಇದ್ದ 141 ಹೆಂಗಸರು ಒಂದು ಟ್ರಯಲ್‌ಗೆ ಸೇರಿ, ಅವರಲ್ಲಿ ಅರ್ಧ ಜನ ವಾರಕ್ಕೆ ಎರಡು ಸಲ, ಕಲಿಸಿಕೊಟ್ಟ ಕ್ರಮದಲ್ಲಿ, ನಿಧಾನಕ್ಕೆ ತೂಕ ಹೆಚ್ಚಿಸುತ್ತಾ ಭಾರ ಎತ್ತಿದರು. ಒಂದು ವರ್ಷದ ಕೊನೆಗೆ ನೋಡಿದರೆ ಅವರ ಕೈ ಹೆಚ್ಚು ಬಾತಿರಲಿಲ್ಲ. ಬದಲಿಗೆ, ಬಾವು ಉಲ್ಬಣಿಸಿದ್ದು ಭಾರ ಎತ್ತದವರಲ್ಲಿ ನೂರಕ್ಕೆ 29 ಜನಕ್ಕೆ, ಎತ್ತಿದವರಲ್ಲಿ 14 ಜನಕ್ಕೆ. ಇದು ಪ್ರಕಟವಾದದ್ದು 2009ರಲ್ಲಿ. ಹಳೆಯ ಸಲಹೆಯನ್ನೇ ಇನ್ನೂ ಹೇಳುವವರು ಇದ್ದಾರೆ, ಅದು ಬೇರೆ ಮಾತು.

ಇನ್ನೊಂದು, ನನ್ನ ಹತ್ತಿರ ಬರುವ ಎಲ್ಲರೂ ಕೇಳುವ ಪ್ರಶ್ನೆ. "ವರ್ಷಕ್ಕೊಮ್ಮೆ ಇಡೀ ಮೈ ಸ್ಕ್ಯಾನ್ ಮಾಡಿಸುವುದು ಬೇಡವಾ?" ಇಟಲಿಯಲ್ಲಿ ಎರಡು ದೊಡ್ಡ ಟ್ರಯಲ್‌ಗಳು ಇದನ್ನೇ ನೋಡಿದವು, 1994ರಲ್ಲಿ ಫಲಿತಾಂಶ ಬಂತು. ಸ್ತನ ಕ್ಯಾನ್ಸರ್ ಮುಗಿದು ಆರೋಗ್ಯವಾಗಿದ್ದವರಲ್ಲಿ ಒಂದು ಗುಂಪಿಗೆ ಪದೇಪದೇ ಎಲುಬಿನ ಸ್ಕ್ಯಾನ್, ಎಕ್ಸ್‌ರೇ. ಇನ್ನೊಂದು ಗುಂಪಿಗೆ ಡಾಕ್ಟರು ಮೈ ಪರೀಕ್ಷೆ ಮಾಡುವುದು, ಮ್ಯಾಮೊಗ್ರಾಂ, ಅಷ್ಟೇ. ಬದುಕಿದ ವರ್ಷಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಡಾಕ್ಟರು ಸ್ಕ್ಯಾನ್ ಬರೆಯದಿದ್ದರೆ ಅಸಡ್ಡೆ ಅಂತ ತಿಳಿಯಬೇಡಿ.

ಈಗ ನಿಮಗೆ ಹೇಳಿದ ಮಾತ್ರೆಗೆ ಬರೋಣ. ಬೇರೆ ಕಾಯಿಲೆಯ ಹಳೆಯ ಮದ್ದನ್ನು ಕ್ಯಾನ್ಸರಿಗೆ ಪ್ರಯತ್ನಿಸುವುದು ಒಳ್ಳೆಯ ಯೋಚನೆಯೇ. ಬೆಲೆ ಕಡಿಮೆ, ಅಡ್ಡಪರಿಣಾಮಗಳು ಬಹುಪಾಲು ಗೊತ್ತಿರುವಂಥವು. ಆದರೆ ಹಳೆಯ ಮದ್ದು ಅಂದಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬಗ್ಗೆ ಎಲ್ಲರಿಗೂ ಭಾರೀ ಆಸೆ ಇತ್ತು. ಸ್ತನ ಕ್ಯಾನ್ಸರ್ ಆದ 3,649 ಜನ ಸೇರಿದ ಟ್ರಯಲ್‌ನ ಫಲ 2022ರಲ್ಲಿ ಬಂತು: ಲಾಭ ಇಲ್ಲ. ಆಸ್ಪಿರಿನ್ ಕೂಡ ಹಾಗೇ. ಸ್ತನ ಕ್ಯಾನ್ಸರ್‌ನಿಂದ ಪಾರಾದ 3,020 ಜನರ ಟ್ರಯಲ್ ನಡುವಿನಲ್ಲೇ ಲೆಕ್ಕ ನೋಡಿದಾಗ ಲಾಭದ ಸುಳಿವು ಕಾಣದೆ ನಿಲ್ಲಿಸಿದರು. ಅದೇ ಆಸ್ಪಿರಿನ್, ಒಂದು ನಿರ್ದಿಷ್ಟ ಜೀನ್ ಬದಲಾವಣೆ ಇರುವ ಕರುಳಿನ ಕ್ಯಾನ್ಸರ್‌ನಲ್ಲಿ ಕಾಯಿಲೆ ಮರಳುವುದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು ಅಂತ 2025ರಲ್ಲಿ ಪ್ರಕಟವಾಯಿತು. ಒಂದೇ ಮಾತ್ರೆ, ಎರಡು ಕ್ಯಾನ್ಸರ್, ಎರಡು ಉತ್ತರ. ವಾಟ್ಸಾಪಿನಲ್ಲಿ ಬರುವ "ದಿನಕ್ಕೊಂದು ಆಸ್ಪಿರಿನ್" ಮೆಸೇಜು ನೋಡಿ ಅಂಗಡಿಯಿಂದ ತಂದು ನುಂಗುವವರಿಗೆ ಇದನ್ನು ಹೇಳಿ. ಹೊಟ್ಟೆಯಲ್ಲಿ ರಕ್ತಸ್ರಾವವಾದರೆ ಆ ಮೆಸೇಜು ಕಳಿಸಿದವರು ಬರುವುದಿಲ್ಲ.

ಹಾಗಾಗಿ ನಿಮ್ಮ ಟ್ರಯಲ್‌ನಿಂದ ನಿಮಗೇ ಲಾಭವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗೊತ್ತಿದ್ದರೆ ಟ್ರಯಲ್ ಮಾಡುತ್ತಲೇ ಇರಲಿಲ್ಲ. "ಖಾಲಿ ಮಾತ್ರೆ ಸಿಕ್ಕಿದರೆ ನನಗೆ ನಷ್ಟವಾ" ಅಂತ ನಿಮಗೆ ಅನಿಸಿರಬಹುದು. ಲೆಟ್ರೊಜೋಲ್ ಎರಡೂ ಗುಂಪಿಗೆ ಮುಂದುವರಿಯುತ್ತದಾ ಅನ್ನುವುದನ್ನು ಮಾತ್ರ ಬಾಯಿಬಿಟ್ಟು ಕೇಳಿ. ಹೌದು ಅಂದರೆ ಖಾಲಿ ಮಾತ್ರೆ ಸಿಕ್ಕವರು ಇವತ್ತು ನೀವು ಪಡೆಯುತ್ತಿರುವ ಚಿಕಿತ್ಸೆಯನ್ನೇ ಪಡೆಯುತ್ತಾರೆ. ಇಲ್ಲ, ಅದನ್ನು ನಿಲ್ಲಿಸಬೇಕು ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಇರುವ ಒಳ್ಳೆಯ ಮದ್ದನ್ನು ಕೊಡದೆ ಖಾಲಿ ಮಾತ್ರೆ ಕೊಟ್ಟು, ಅದರಿಂದ ತೊಂದರೆಯಾದರೆ ಅದಕ್ಕೂ ಪರಿಹಾರ ಕೊಡಬೇಕು ಅಂತ ನಿಯಮದಲ್ಲಿದೆ.

ದೂರದ ವಿಷಯ ಫಾರ್ಮಿನಲ್ಲಿ ಇರುವುದಿಲ್ಲ, ಆದರೆ ಕಾಸರಗೋಡಿನವರು ಅದನ್ನೇ ಮೊದಲು ನೋಡಬೇಕು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗಾದರೂ ಮಂಗಳೂರಿಗಾದರೂ ನಮಗೆ ಬಸ್ಸು, ರೈಲು, ರಿಕ್ಷಾ ಅಂತ ಒಂದು ದಿನ ಹೋಯಿತು. ತಿರುವನಂತಪುರವಾದರೆ ರಾತ್ರಿಯ ರೈಲು. ಈಗ ನೀವು ಕೆಲವು ತಿಂಗಳಿಗೊಮ್ಮೆ ಚೆಕಪ್‌ಗೆ ಹೋಗ್ತೀರಿ. ಟ್ರಯಲ್‌ಗೆ ಸೇರಿದರೆ ಎಷ್ಟು ಸಲ ಜಾಸ್ತಿ ಹೋಗಬೇಕು? ರಕ್ತ ಪರೀಕ್ಷೆಯನ್ನು ಬದಿಯಡ್ಕದಲ್ಲೋ ಕಾಸರಗೋಡಿನಲ್ಲೋ ಕೊಟ್ಟರೆ ಆಗುತ್ತದಾ? ಪ್ರಯಾಣದ ಖರ್ಚು ಕೊಡುತ್ತಾರಾ, ಜೊತೆಗೆ ಬರುವವರದ್ದೂ ಸೇರಿಸಿಯಾ? ಟ್ರಯಲ್‌ನ ಮಾತ್ರೆಗೆ, ಟ್ರಯಲ್‌ಗಾಗಿಯೇ ಮಾಡಿಸುವ ಪರೀಕ್ಷೆಗಳಿಗೆ ನೀವು ದುಡ್ಡು ಕೊಡಬೇಕಾಗಿ ಬರಬಾರದು. ಬಸ್ ಚಾರ್ಜು ಕೇಳಲು ನಾಚಿಕೆ ಬೇಡ, ಕೇಳುವುದು ನಿಮ್ಮ ಹಕ್ಕು. ಯಾವುದಕ್ಕೂ ಕೊರೊನಾ ಕಾಲದ 2020ರ ಮಾರ್ಚ್ ತಿಂಗಳನ್ನು ನೆನಪಿಟ್ಟುಕೊಳ್ಳಿ. ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳನ್ನೂ ತಡೆದಾಗ ಮಂಗಳೂರನ್ನೇ ನಂಬಿದ್ದ ನಮ್ಮವರ ಗತಿ ಏನಾಯಿತು ಅಂತ ನಿಮಗೆ ಗೊತ್ತು. ಬರಲಾಗದೆ ಹೋದರೆ ಮಾತ್ರೆ ಮನೆಗೆ ಕಳಿಸುತ್ತಾರಾ, ಅಥವಾ ಹೆಸರು ತೆಗೆದುಬಿಡುತ್ತಾರಾ?

ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಬೇಕು. ಕಾಗದದಲ್ಲಿ ಎರಡು ನಂಬರ್ ಇರುತ್ತದೆ: ಟ್ರಯಲ್ ನಡೆಸುವ ಡಾಕ್ಟರದ್ದು, ಎಥಿಕ್ಸ್ ಕಮಿಟಿಯದ್ದು. ಸಹಿ ಹಾಕುವ ಮೊದಲೇ ಡಾಕ್ಟರ ನಂಬರಿಗೆ ಒಮ್ಮೆ ಫೋನ್ ಮಾಡಿ ನೋಡಿ. ಎತ್ತುತ್ತಾರಾ, ಕನ್ನಡ ಬರುತ್ತದಾ? ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಹತ್ತಿರದ ಆಸ್ಪತ್ರೆಗೇ ಓಡಬೇಕಾಗಿ ಬಂದರೆ ಟ್ರಯಲ್‌ನಲ್ಲಿದ್ದೀರಿ ಅಂತ ಅಲ್ಲಿನ ಡಾಕ್ಟರಿಗೆ ತೋರಿಸಲು ಒಂದು ಕಾರ್ಡ್ ಕೇಳಿ ಇಟ್ಟುಕೊಳ್ಳಿ. ಜೀವಕ್ಕೆ ಅಪಾಯ ಅಂದಾಗ ನೀವು ನುಂಗುತ್ತಿದ್ದದ್ದು ಮದ್ದಾ, ಖಾಲಿ ಮಾತ್ರೆಯಾ ಅಂತ ಗುಟ್ಟು ಬಿಚ್ಚುವ ವ್ಯವಸ್ಥೆ ಇರುತ್ತದೆ. ಟ್ರಯಲ್‌ನಲ್ಲಿ ನಿಮ್ಮ ಆರೋಗ್ಯಕ್ಕೆ ತೊಂದರೆಯಾದರೆ ಚಿಕಿತ್ಸೆ ಉಚಿತವಾಗಿ ಕೊಡಬೇಕು. ಆಸ್ಪತ್ರೆಗೆ ಸೇರಿಸುವಂಥ ಗಂಭೀರ ತೊಂದರೆಯಾದರೆ 24 ಗಂಟೆಯ ಒಳಗೆ ಡಾಕ್ಟರು ಮೇಲಿನವರಿಗೆ, ಕಮಿಟಿಗೆ ತಿಳಿಸಬೇಕು. ಕಷಾಯ, ಲೇಹ್ಯ, ನಾಟಿ ಮದ್ದು ಏನಾದರೂ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಬೈತಾರೆ ಅಂತ ಹೆದರಿ ಹೇಳದವರೇ ಜಾಸ್ತಿ.

ಟ್ರಯಲ್ ನಿಜವಾದದ್ದಾ ಅಂತ ನೋಡುವುದು ಮಗಳಿಗೆ ಐದು ನಿಮಿಷದ ಕೆಲಸ. ಸಿಟಿಆರ್‌ಐ ಅಂತ ದೇಶದಲ್ಲಿ ನಡೆಯುವ ಟ್ರಯಲ್‌ಗಳ ಸರಕಾರಿ ದಾಖಲೆ ಇದೆ, 2007ರಲ್ಲಿ ಶುರುವಾದದ್ದು. ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ನೋಡಬಹುದು. 2018ರ ಏಪ್ರಿಲ್‌ನಿಂದ, ಮೊದಲ ವ್ಯಕ್ತಿಯನ್ನು ಸೇರಿಸುವ ಮುಂಚೆಯೇ ಅಲ್ಲಿ ಹೆಸರು ನೋಂದಾಯಿಸಿರಬೇಕು. ಕಾಗದದಲ್ಲಿ ಸಿಟಿಆರ್‌ಐ ಅಂತ ಶುರುವಾಗುವ ನಂಬರ್ ಇದೆಯಾ ನೋಡಿ, ಹಾಕಿ ಹುಡುಕಲಿ. ಯಾರು ದುಡ್ಡು ಹಾಕಿದ್ದಾರೆ, ಎಷ್ಟು ಜನ ಬೇಕು, ಯಾವ ಯಾವ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ, ಎಲ್ಲಾ ಸಿಗುತ್ತದೆ. ನಂಬರೇ ಇಲ್ಲ ಅಂದರೆ ಮಾತು ಅಲ್ಲಿಗೇ ಮುಗಿಯಿತು.

ಮಾತ್ರೆಯ ಟ್ರಯಲ್ ಬೇಡ ಅನಿಸಿದರೂ ಬೇರೆ ಬಗೆಯವು ಇರುತ್ತವೆ. ಕೀಮೋ ಮುಗಿಸಿದ ಕರುಳಿನ ಕ್ಯಾನ್ಸರಿನ 889 ಜನರಲ್ಲಿ, ತರಬೇತುದಾರರ ಜೊತೆ ಮೂರು ವರ್ಷ ವ್ಯಾಯಾಮ ಮಾಡಿದವರ ಗುಂಪು ಹೆಚ್ಚು ಕಾಲ ಕಾಯಿಲೆಯಿಲ್ಲದೆ ಉಳಿಯಿತು ಅಂತ 2025ರಲ್ಲಿ ಗೊತ್ತಾಯಿತು. ಲೆಟ್ರೊಜೋಲ್‌ನಂಥ ಮಾತ್ರೆಗಳಿಂದ ಬರುವ ಗಂಟುನೋವಿಗೆ, ಕೀಮೋದಿಂದ ಬರುವ ಕಾಲಿನ ಜೋಮಿಗೆ, ಕರೆಂಟ್ ಕೊಟ್ಟ ಮೇಲೆ ಬಾಯಿ ಒಣಗುವುದಕ್ಕೆ ಎಲ್ಲಾ ಟ್ರಯಲ್‌ಗಳು ನಡೆದಿವೆ. ಇಂಥವಕ್ಕೆ ಸೇರಿ ಅಂತ ನಾನು ಹೆಚ್ಚು ಯೋಚಿಸದೆ ಹೇಳುತ್ತೇನೆ. ಅಪಾಯ ಕಡಿಮೆ, ಫಲ ನಿಮ್ಮ ಮೈಗೇ ಬೇಗ ಗೊತ್ತಾಗುತ್ತದೆ. ಇನ್ನು ಬಾಯಿ ಕ್ಯಾನ್ಸರ್ ಗುಣವಾದವರು "ಎರಡನೆಯದು ಬಾರದಿರಲು ಮಾತ್ರೆ ಇದೆಯಾ" ಅಂತ ಕೇಳುತ್ತಾರೆ. ವಿಟಮಿನ್ ಎ ಜಾತಿಯ ಐಸೊಟ್ರೆಟಿನೊಯಿನ್ 1990ರಲ್ಲಿ ಒಂದು ಸಣ್ಣ ಟ್ರಯಲ್‌ನಲ್ಲಿ ಆಸೆ ಹುಟ್ಟಿಸಿತು. ಆ ಡೋಸು ತಡೆದುಕೊಳ್ಳುವುದು ಕಷ್ಟ ಅಂತ ಕಡಿಮೆ ಡೋಸಿನಲ್ಲಿ 1,190 ಜನರಿಗೆ ಕೊಟ್ಟು ನೋಡಿದರೆ ಉಪಯೋಗ ಆಗಲಿಲ್ಲ. ಅವರಿಗೆ ನಾನು ಹೇಳುವುದು ಎಲೆ ಅಡಿಕೆ ಬಿಡಿ ಅಂತಲೇ. ಹೊಗೆಸೊಪ್ಪು ಹಾಕದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಯುವ ಊರಿನಲ್ಲಿ ಈ ಮಾತಿಗೆ ಬೈಗುಳ ಸಿಗುತ್ತದೆ, ಸಿಗಲಿ.

ಒಂದು ಟ್ರಯಲ್‌ನಲ್ಲಿ ಇರುವಾಗ ಸಾಮಾನ್ಯವಾಗಿ ಇನ್ನೊಂದಕ್ಕೆ ಸೇರಿಸಿಕೊಳ್ಳುವುದಿಲ್ಲ. ಇದೂ ನಿಮ್ಮ ಲೆಕ್ಕದಲ್ಲಿರಲಿ.

ನನ್ನ ಅಭಿಪ್ರಾಯ ಕೇಳಿದ್ದೀರಿ, ನೇರವಾಗಿ ಹೇಳುತ್ತೇನೆ. ಕನ್ನಡ ಪ್ರತಿ ಸಿಕ್ಕಿ, ಲೆಟ್ರೊಜೋಲ್ ಮುಂದುವರಿಯುವುದಾದರೆ, ಹೋಗಿಬರುವುದು ನಿಮಗೆ ಹೊರೆಯಾಗದಿದ್ದರೆ, ಸೇರಿ. ಈ ಮೂರರಲ್ಲಿ ಒಂದು ತಪ್ಪಿದರೂ ಬೇಡ. ಬೇಡ ಅಂದದ್ದಕ್ಕೆ ನಿಮ್ಮ ಮಾಮೂಲಿ ಚಿಕಿತ್ಸೆಯಲ್ಲಿ ಯಾರೂ ಏನೂ ಕಡಿಮೆ ಮಾಡುವಂತಿಲ್ಲ. ಸೇರಿದ ಮೇಲೂ, ಕಾರಣ ಕೊಡದೆಯೇ ಯಾವತ್ತು ಬೇಕಾದರೂ ಬಿಡಬಹುದು. ಮಾತ್ರೆಯನ್ನು ಮಾತ್ರ ತಟ್ಟನೆ ನಿಲ್ಲಿಸಬೇಡಿ, ಹೇಗೆ ನಿಲ್ಲಿಸುವುದು ಅಂತ ಅವರನ್ನೇ ಕೇಳಿ.

ಕಾಗದ ನೋಡಿದ ದಿನವೇ ಸಹಿ ಬೇಡ. ಮನೆಗೆ ತನ್ನಿ, ನಿಮ್ಮನ್ನು ಮೊದಲಿಂದ ನೋಡಿದ ಡಾಕ್ಟರಿಗೂ ಒಮ್ಮೆ ತೋರಿಸಿ. ಸಹಿ ಹಾಕಿದ ಪ್ರತಿಯ ಒಂದು ನಕಲು ನಿಮಗೆ ಕೊಡಲೇಬೇಕು, ಬಿಟ್ಟು ಬರಬೇಡಿ. ಮತ್ತೆ, ಮುಂದಿನ ಸಲ ಹೋಗುವಾಗ ಮಗಳ ಜೊತೆ ಯಜಮಾನರನ್ನೂ ಕರೆದುಕೊಂಡು ಹೋಗಿ. ಇಲಿಯ ಪ್ರಶ್ನೆಯನ್ನು ಅವರೇ ಡಾಕ್ಟರ ಮುಖ ನೋಡಿ ಕೇಳಲಿ. ಅದಕ್ಕೆ ಸಿಟ್ಟು ಮಾಡಿಕೊಳ್ಳುವ ಡಾಕ್ಟರಾದರೆ ನೀವು ಸೇರುವುದು ಬೇಡ.